ವೋಲ್ಟೇಜಿಗೆ ಬಗ್ಗುವ ರೆಸಿಸ್ಟರ್: ಜೆಫೆಟ್ಟೋ, ಮಾಸ್‌ಫೆಟ್ಟೋ, ಎಲ್‌ಇಡಿ–ಎಲ್‌ಡಿಆರ್ ಜೋಡಿಯೋ?

ಕಳೆದ ಹುತ್ತರಿ ಸುಗ್ಗಿ ಹಬ್ಬದ ಹೊತ್ತಿಗೆ ಪಕ್ಕದ ಐನ್‌ಮನೆಯಲ್ಲಿ (ಕೊಡವ ಕುಲದ ಮೂಲಮನೆ) ನಾಲ್ವರು ಹಿರಿಯರು ದುಡಿ ಎಂಬ ಪುಟ್ಟ ಚರ್ಮವಾದ್ಯ ಹಿಡಿದು ಹಾಡಲು ಕುಳಿತರು. ಧ್ವನಿಮುದ್ರಣದ ಕೆಲಸ ನನ್ನ ಪಾಲಿಗೆ ಬಂತು. ಇದ್ದದ್ದು ಒಂದೇ ಮೈಕ್. ದುಡಿಗೆ ಪೆಟ್ಟು ಬಿದ್ದಾಗ ಮೀಟರಿನ ಮುಳ್ಳು ಕೊನೆಗೆ ಹೋಗಿ ಬಡಿಯುತ್ತಿತ್ತು. ಪೆಟ್ಟು ಮೆತ್ತಗಾಗಿ ಒಬ್ಬರ ಸ್ವರ ಮಾತ್ರ ಉಳಿದಾಗ ಅದೇ ಮುಳ್ಳು ಮೇಲೇಳುತ್ತಲೇ ಇರಲಿಲ್ಲ. ಎರಡು ಗಂಟೆ ಕಾಲ ನಾನು ಪಾಟ್ ತಿರುಗಿಸುತ್ತಾ ಕುಳಿತೆ. ಕೊಡವ ತಕ್ಕ್‌ನಲ್ಲಿ, ಅಂದರೆ ಕೊಡವ ಭಾಷೆಯಲ್ಲಿ, ಪಾಟ್ ಎಂದರೆ ಹಾಡು. ಪೊಟೆನ್ಶಿಯೋಮೀಟರಿಗೆ, ಅಂದರೆ ಕೈಯಲ್ಲಿ ತಿರುಗಿಸಿ ಮೌಲ್ಯ ಬದಲಿಸುವ ರೆಸಿಸ್ಟರಿಗೆ, ನಾವು ಕರೆಯುವ ಹೆಸರೂ ಪಾಟ್. "ಈ ಪಾಟ್ ಸರಿಯಿಲ್ಲ" ಎಂದು ನಾನು ಗೊಣಗಿದ್ದು ಹಾಡುವವರ ಕಿವಿಗೆ ಬಿದ್ದು, ಒಬ್ಬರು ದುಡಿ ಕೆಳಗಿಟ್ಟು ನನ್ನನ್ನೇ ನೋಡಿದರು.

ಕೈ ಮಾಡುವ ಕೆಲಸವನ್ನು ವೋಲ್ಟೇಜ್ ಮಾಡಬೇಕು, ಅಂದರೆ ಗದ್ದಲ ಹೆಚ್ಚಾದರೆ ರೆಸಿಸ್ಟರಿನ ಮೌಲ್ಯ ತಾನೇ ಇಳಿಯಬೇಕು ಎಂಬ ಯೋಚನೆ ಅಂದೇ ಗಟ್ಟಿಯಾಯಿತು. ಮುಂದಿನ ಮಳೆಗಾಲವಿಡೀ ಮಡಿಕೇರಿಯ ಮನೆಯ ಮೇಜಿನ ಮೇಲೆ ಒಂದೊಂದೇ ಬಗೆಯನ್ನು ಕಟ್ಟಿ, ಕೇಳಿ, ಅಳೆದು ನೋಡಿದೆ. ಗಿಟಾರಿಗೆ ಟ್ರೆಮೋಲೋ (ಸದ್ದಿನ ಮಟ್ಟವನ್ನು ಅಲೆಯಂತೆ ಏರಿಳಿಸುವುದು), ಫೇಸರ್ (ಸ್ವರಕ್ಕೆ ಸುಳಿಯುವ ಬಣ್ಣ ಕೊಡುವುದು), ಸೈನ್ ತರಂಗದ ಆಸಿಲೇಟರ್, ಸಿಂಥಸೈಜರಿನ ಫಿಲ್ಟರ್, ಹೀಗೆ ಯಾವುದಕ್ಕೆ ಕೈ ಹಾಕಿದರೂ ಒಂದು ದಿನ ಈ ಪ್ರಶ್ನೆ ನಿಮ್ಮೆದುರಿಗೂ ಬರುತ್ತದೆ. ಯಾವ ಕೆಲಸಕ್ಕೆ ಯಾವುದನ್ನು ಆರಿಸಬೇಕು ಎಂಬ ಬಗ್ಗೆ ನನ್ನ ತೀರ್ಮಾನಗಳು ಇಲ್ಲಿವೆ.

ಬಿಡಿಭಾಗದ ನಂಬರ್ ನೋಡುವ ಮೊದಲು

ಟ್ರಾನ್ಸಿಸ್ಟರ್ ರೆಸಿಸ್ಟರಿನಂತೆ ನಡೆದುಕೊಳ್ಳುವುದು ಅದರ ಎರಡು ಕಾಲುಗಳ ನಡುವಿನ ವೋಲ್ಟೇಜ್ ಸಣ್ಣದಿರುವ ತನಕ ಮಾತ್ರ. ಆ ಮಿತಿ ದಾಟಿದರೆ ಅದು ತನ್ನ ಜಾತಿಗೆ ಮರಳುತ್ತದೆ: ಕರೆಂಟ್ ಒಂದು ಮಟ್ಟಕ್ಕೆ ಬಂದು ನಿಂತುಬಿಡುತ್ತದೆ, ತರಂಗದ ತಲೆ ಚಪ್ಪಟೆಯಾಗುತ್ತದೆ, ಸ್ವರ ಒಡೆಯುತ್ತದೆ. ಹಾಗಾಗಿ ಮೊದಲು ಕೇಳಬೇಕಾದ್ದು, ಈ ಭಾಗದ ಮೇಲೆ ಎಷ್ಟು ಮಿಲಿವೋಲ್ಟ್ ಬೀಳುತ್ತದೆ ಎಂದು. ಗುಣಮಟ್ಟ, ಬೆಲೆ, ಬ್ರ್ಯಾಂಡ್ ಎಲ್ಲ ಅದರ ಹಿಂದೆ.

ಅದಾದ ಮೇಲೆ ವೇಗ. ಮೌಲ್ಯ ಮಿಲಿಸೆಕೆಂಡಿನಲ್ಲಿ ಬದಲಾಗಬೇಕೋ, ಅರ್ಧ ಸೆಕೆಂಡ್ ತಡವಾದರೂ ನಡೆಯುತ್ತದೋ? ಇನ್ನೊಂದು, ರೆಸಿಸ್ಟರಿನ ಒಂದು ಕಾಲು ನೆಲಕ್ಕೆ, ಅಂದರೆ ಗ್ರೌಂಡಿಗೆ, ಕಟ್ಟಿದೆಯೋ ಅಥವಾ ಎರಡೂ ಕಾಲು ತೇಲುತ್ತಿವೆಯೋ ಎಂಬುದು. ತೇಲುವ ರೆಸಿಸ್ಟರ್ ಬೇಕೆಂದರೆ ಅರ್ಧಕ್ಕರ್ಧ ಆಯ್ಕೆಗಳು ಅಲ್ಲೇ ಬಿದ್ದುಹೋಗುತ್ತವೆ. ನಾನು ಇದನ್ನೆಲ್ಲ ಕೇಳಿಕೊಳ್ಳದೆ ಬಿಡಿಭಾಗ ತರಿಸಿದವನು. ಡಬ್ಬಿಯಲ್ಲಿ ಈಗಲೂ ಕೆಲಸಕ್ಕೆ ಬಾರದ ಹದಿನೆಂಟು ಚಿಪ್ ಬಿದ್ದಿವೆ.

ಜೆಫೆಟ್: ಮೊದಲ ಆಯ್ಕೆ, ಆದರೆ ಅಳೆದು ಹಾಕಬೇಕು

ಹವ್ಯಾಸಿಗೆ ನಾನು ಮೊದಲು ಹೇಳುವುದು ಎನ್-ಚಾನೆಲ್ ಜೆಫೆಟ್: ಗೇಟ್ ಎಂಬ ಕಾಲಿನ ವೋಲ್ಟೇಜು ಡ್ರೈನ್, ಸೋರ್ಸ್ ಎಂಬ ಇನ್ನೆರಡು ಕಾಲುಗಳ ನಡುವಿನ ರೆಸಿಸ್ಟೆನ್ಸನ್ನು ಬದಲಿಸುವ ಒಂದು ಬಗೆಯ ಟ್ರಾನ್ಸಿಸ್ಟರ್. 2ಎನ್5457, ಜೆ113, ಬಿಎಫ್245 ಇವು ಹೆಸರಾದವು. ನಮ್ಮ ಇಂಜಿನಿಯರಿಂಗ್ ಕಾಲೇಜಿನ ಲ್ಯಾಬ್ ನೋಡಿದವರಿಗೆ ನಾಲ್ಕು ಕಾಲಿನ ಪುಟ್ಟ ಲೋಹದ ಟೋಪಿಯ ಬಿಎಫ್‌ಡಬ್ಲ್ಯೂ10, ಬಿಎಫ್‌ಡಬ್ಲ್ಯೂ11 ನೆನಪಿರುತ್ತವೆ, ಅವೂ ಆಗುತ್ತವೆ. ಗೇಟ್ ಮತ್ತು ಸೋರ್ಸ್ ಒಂದೇ ವೋಲ್ಟೇಜಿನಲ್ಲಿದ್ದರೆ ರೆಸಿಸ್ಟೆನ್ಸ್ ಅತಿ ಕಡಿಮೆ. ಗೇಟನ್ನು ಋಣ ವೋಲ್ಟೇಜಿನತ್ತ ಎಳೆದಷ್ಟೂ ಅದು ಏರುತ್ತಾ ಹೋಗಿ, ಪಿಂಚ್-ಆಫ್ ಎಂಬ ಬಿಂದುವಿನಲ್ಲಿ ಬಾಗಿಲು ಪೂರ್ತಿ ಮುಚ್ಚುತ್ತದೆ. ಗೇಟ್ ಕರೆಂಟ್ ಎಳೆಯುವುದಿಲ್ಲ ಎನ್ನುವಷ್ಟು ಕಡಿಮೆ.

ತೊಂದರೆ ಇರುವುದು ಈ ಪಿಂಚ್-ಆಫ್ ವೋಲ್ಟೇಜಿನಲ್ಲಿ. 2ಎನ್5457ರ ಮಾಹಿತಿ ಹಾಳೆ ಅದನ್ನು −0.5ರಿಂದ −6 ವೋಲ್ಟ್ ಎನ್ನುತ್ತದೆ. ಒಂದೇ ಪೊಟ್ಟಣದ ಎರಡು ತುಣುಕುಗಳ ನಡುವೆ ಇಷ್ಟು ಅಂತರವಿರಬಹುದು ಎಂದಾದರೆ ಹಾಳೆ ನೋಡಿ ಸರ್ಕ್ಯೂಟ್ ಕಟ್ಟುವುದು ಹೇಗೆ? ಅಳೆಯಬೇಕು, ಬೇರೆ ದಾರಿಯಿಲ್ಲ. ಅಳೆಯುವುದು ಎರಡು ನಿಮಿಷದ ಕೆಲಸ. 9 ವೋಲ್ಟ್ ಬ್ಯಾಟರಿಯ ಧನ ತುದಿಯನ್ನು ಡ್ರೈನಿಗೆ, ಋಣ ತುದಿಯನ್ನು ಗೇಟಿಗೆ ಕೊಡಿ. ಮಲ್ಟಿಮೀಟರನ್ನು ಡಿಸಿ ವೋಲ್ಟಿಗೆ ತಿರುಗಿಸಿ ಸೋರ್ಸ್ ಮತ್ತು ಬ್ಯಾಟರಿಯ ಋಣದ ನಡುವೆ ಹಿಡಿಯಿರಿ. ಮೀಟರಿನ ಒಳಗಿನ 10 ಮೆಗಾಓಮ್ ಒಂದು ಮೈಕ್ರೋಆಂಪನ್ನೂ ಎಳೆಯದ ಕಾರಣ, ಅದು ತೋರಿಸುವ ಅಂಕಿಯೇ ಹೆಚ್ಚುಕಡಿಮೆ ಪಿಂಚ್-ಆಫ್. ಅದೇ ಜಾಗದಲ್ಲಿ ಮೀಟರನ್ನು ಮಿಲಿಆಂಪಿಗೆ ಬದಲಿಸಿದರೆ ಗರಿಷ್ಠ ಕರೆಂಟ್ ಸಿಗುತ್ತದೆ. ಪಿಂಚ್-ಆಫ್ ವೋಲ್ಟೇಜನ್ನು ಆ ಕರೆಂಟಿನ ಎರಡರಷ್ಟರಿಂದ ಭಾಗಿಸಿದರೆ ನಿಮ್ಮ ತುಣುಕಿನ ಅತಿ ಕಡಿಮೆ ರೆಸಿಸ್ಟೆನ್ಸ್ ಕೈಯಲ್ಲಿದೆ.

ನನ್ನ ಡಬ್ಬಿಯ ಒಂದು ತುಣುಕು 2 ವೋಲ್ಟ್, 3 ಮಿಲಿಆಂಪ್ ತೋರಿಸಿತು. ಅಂದರೆ ಕನಿಷ್ಠ ಸುಮಾರು 333 ಓಮ್. ಇನ್ನು ಗೇಟನ್ನು ಇಳಿಸುತ್ತಾ ಹೋಗಿ. −1 ವೋಲ್ಟಿಗೆ ಬಂದರೂ ಬರೀ 667 ಓಮ್. ಅರ್ಧ ದಾರಿ ಸವೆದರೂ ಮೌಲ್ಯ ದುಪ್ಪಟ್ಟಾದದ್ದಷ್ಟೆ. −1.5ಕ್ಕೆ 1.3 ಕಿಲೋಓಮ್, −1.8ಕ್ಕೆ 3.3 ಕಿಲೋಓಮ್, −1.95ಕ್ಕೆ 13 ಕಿಲೋಓಮ್. ಆಟವೆಲ್ಲ ಕೊನೆಯ ಕಾಲು ವೋಲ್ಟಿನಲ್ಲಿದೆ. 10 ಕಿಲೋಓಮ್ ರೆಸಿಸ್ಟರಿನ ಹಿಂದೆ ಇದನ್ನು ಗ್ರೌಂಡಿಗೆ ಕಟ್ಟಿದರೆ ಸಿಗ್ನಲನ್ನು ಸುಮಾರು 30 ಡೆಸಿಬೆಲ್ ತನಕ ಇಳಿಸಬಹುದು. ದುಡಿಯ ಪೆಟ್ಟಿಗೂ ಮುದಿ ಸ್ವರಕ್ಕೂ ಇರುವ ಅಂತರವನ್ನು ತುಂಬಲು ಇಷ್ಟು ಸಾಕೇ ಸಾಕು.

ಈಗ ಸ್ವರ ಒಡೆಯುವ ಮಾತು. ಗೇಟ್ ಪಿಂಚ್-ಆಫ್‌ನಿಂದ 1 ವೋಲ್ಟ್ ದೂರದಲ್ಲಿರುವಾಗ ಡ್ರೈನಿನಲ್ಲಿ 100 ಮಿಲಿವೋಲ್ಟ್ ಎತ್ತರದ ತರಂಗವಿದ್ದರೆ, ಎರಡನೇ ಹಾರ್ಮೋನಿಕ್, ಅಂದರೆ ಮೂಲ ಸ್ವರದ ಎರಡರಷ್ಟು ಆವರ್ತನದ ಕಲಬೆರಕೆ, ಸುಮಾರು ಎರಡೂವರೆ ಶೇಕಡಾ ಸೇರಿಕೊಳ್ಳುತ್ತದೆ. 20 ಮಿಲಿವೋಲ್ಟಿಗೆ ಇಳಿಸಿದರೆ ಅದು ಅರ್ಧ ಶೇಕಡಾ. ಆದರೆ ಗೇಟ್ ಪಿಂಚ್-ಆಫ್‌ಗೆ ಇನ್ನಷ್ಟು ಹತ್ತಿರ, 0.2 ವೋಲ್ಟಿನಷ್ಟು, ಸರಿದರೆ ಅದೇ 100 ಮಿಲಿವೋಲ್ಟಿಗೆ ಹನ್ನೆರಡು ಶೇಕಡಾ ದಾಟುತ್ತದೆ. ರೆಸಿಸ್ಟೆನ್ಸ್ ಏರಿದಷ್ಟೂ ವಿಕೃತಿಯೂ ಏರುತ್ತದೆ ಎಂದಾಯಿತು.

ಇದಕ್ಕೊಂದು ಹಳೆಯ, ಅಗ್ಗದ ಮದ್ದಿದೆ. ಡ್ರೈನಿನ ಸಿಗ್ನಲಿನ ಸರಿ ಅರ್ಧವನ್ನು ಗೇಟಿಗೆ ಉಣಿಸಿದರೆ ಸಮೀಕರಣದೊಳಗೆ ಈ ವಿಕೃತಿ ತರುವ ವರ್ಗದ (ಸ್ಕ್ವೇರ್) ಪದ ಎದುರುಬದುರಾಗಿ ಹೊಡೆದುಹೋಗುತ್ತದೆ. ಬೇಕಾಗುವುದು ಒಂದೇ ಮೌಲ್ಯದ ಎರಡು ರೆಸಿಸ್ಟರ್: ಒಂದು ಡ್ರೈನಿನಿಂದ ಗೇಟಿಗೆ, ಇನ್ನೊಂದು ಕಂಟ್ರೋಲ್ ವೋಲ್ಟೇಜಿನಿಂದ ಗೇಟಿಗೆ. ಮೊದಲನೆಯದರ ಜತೆ ಸಾಲಿನಲ್ಲಿ ಒಂದು ಕೆಪಾಸಿಟರ್ ಇಡಿ. ಇಡದಿದ್ದರೆ ಕಂಟ್ರೋಲ್ ವೋಲ್ಟೇಜಿನ ಒಂದು ಪಾಲು ಡ್ರೈನಿಗೆ ಸೋರಿ, ಮಟ್ಟ ಬದಲಾದಾಗಲೆಲ್ಲ ಸ್ಪೀಕರಿನಲ್ಲಿ ಡಬ್ ಎಂಬ ಗುದ್ದು ಕೇಳುತ್ತದೆ. ಕೆಪಾಸಿಟರಿನಿಂದ ಕಂಟ್ರೋಲ್ ಹತ್ತಾರು ಮಿಲಿಸೆಕೆಂಡ್ ತಡವಾಗುತ್ತದೆ, ನಿಜ. ಟ್ರೆಮೋಲೋಗೆ ಅದು ಲೆಕ್ಕಕ್ಕಿಲ್ಲ. ನನ್ನ ಮೇಜಿನ ಮೇಲೆ ಈ ಎರಡು ರೆಸಿಸ್ಟರ್ ಹಾಕಿದ ಕ್ಷಣ ಆಸಿಲೋಸ್ಕೋಪಿನ ಓರೆ ತರಂಗ ನೆಟ್ಟಗಾದದ್ದನ್ನು ನೋಡಿ, ಮನೆಯವರನ್ನೆಲ್ಲ ಕರೆದು ತೋರಿಸಿದೆ. ಅವರು ನೋಡಿದರು, ಪಾಪ.

ಆ ರೆಸಿಸ್ಟರ್‌ಗಳ ಮೌಲ್ಯದ ವಿಷಯದಲ್ಲಿ ಕೊಡಗಿನವರಿಗೆ ಒಂದು ಮಾತು ಹೆಚ್ಚಾಗಿ ಹೇಳಬೇಕು. ಎಲ್ಲ ಚಿತ್ರಗಳಲ್ಲೂ 1 ಮೆಗಾಓಮ್ ಎಂದು ಬರೆದಿರುತ್ತದೆ. ನಾನೂ ಹಾಗೆಯೇ ಹಾಕಿದೆ. ಮೇ ತಿಂಗಳಲ್ಲಿ ಚೊಕ್ಕವಾಗಿ ನಡೆದ ಬೋರ್ಡ್ ಜುಲೈ ಹೊತ್ತಿಗೆ ಹಟ ಹಿಡಿಯಿತು: ಬೆಳಿಗ್ಗೆ ಸ್ವರ ಪಾತಾಳಕ್ಕೆ, ಮಧ್ಯಾಹ್ನ ಸ್ವಲ್ಪ ಮೇಲೆ. ಬೆಸುಗೆಯ ಫ್ಲಕ್ಸ್ ತೊಳೆಯದೆ ಬಿಟ್ಟಿದ್ದೆ. ಅದು ನಮ್ಮ ಮಳೆಯ ತೇವ ಹೀರಿಕೊಂಡು ಪಕ್ಕದ 9 ವೋಲ್ಟ್ ಹಾದಿಯಿಂದ ಗೇಟಿಗೆ ಸೋರಿಕೆಯ ದಾರಿ ಮಾಡಿತ್ತು. ಲೆಕ್ಕ ಹಾಕಿ ನೋಡಿ: 20 ಮೆಗಾಓಮಿನಷ್ಟು ಸಣ್ಣ ಸೋರಿಕೆ ಇದ್ದರೂ 1 ಮೆಗಾಓಮಿನ ಹಿಂದಿರುವ ಗೇಟ್ ಅರ್ಧ ವೋಲ್ಟ್ ಮೇಲೇರುತ್ತದೆ. −1.95ರಲ್ಲಿ ಇರಬೇಕಾದದ್ದು −1.43ಕ್ಕೆ ಬಂದರೆ 13 ಕಿಲೋಓಮ್ ಹೋಗಿ 1.2 ಕಿಲೋಓಮ್ ಆಗುತ್ತದೆ. ಬೋರ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಬಟ್ಟೆಗೆ ಬೂಷ್ಟು ಹಿಡಿಯದಂತೆ ಬಲ್ಬ್ ಉರಿಸಿಡುವ ನಮ್ಮ ಬೀರುವಿನಲ್ಲಿ ಒಂದು ರಾತ್ರಿ ಒಣಗಿಸಿದೆ. ಆಮೇಲೆ ರೆಸಿಸ್ಟರ್ ಎರಡನ್ನೂ 220 ಕಿಲೋಓಮಿಗೆ ಇಳಿಸಿ, ಕೆಪಾಸಿಟರನ್ನು 0.1 ಮೈಕ್ರೋಫ್ಯಾರಡ್ ಮಾಡಿದೆ. ಆ ಕಾಟ ಮತ್ತೆ ಬಂದಿಲ್ಲ.

ಜೆಫೆಟ್ಟಿನ ಇನ್ನೊಂದು ಕಿರಿಕಿರಿ ಋಣ ವೋಲ್ಟೇಜ್. ಒಂದೇ 9 ವೋಲ್ಟ್ ಬ್ಯಾಟರಿಯಲ್ಲಿ ಅದನ್ನು ಎಲ್ಲಿಂದ ತರುವುದು? ತರಬೇಕಾಗಿಲ್ಲ. ಸೋರ್ಸನ್ನೇ 4.5 ವೋಲ್ಟಿನ ಮೇಲೆ ಕೂರಿಸಿ, ಸಿಗ್ನಲನ್ನು ಕೆಪಾಸಿಟರ್ ಮೂಲಕ ಒಳಗೂ ಹೊರಗೂ ಬಿಟ್ಟರೆ, 0ಯಿಂದ 4.5ರ ನಡುವಿನ ಗೇಟ್ ವೋಲ್ಟೇಜ್ ಸೋರ್ಸಿನ ಕಣ್ಣಿಗೆ ಋಣವೇ. ಪಿಂಚ್-ಆಫ್ 4 ವೋಲ್ಟ್ ಮೀರದ ತುಣುಕನ್ನು ಆರಿಸಿಕೊಳ್ಳಿ.

ಖರೀದಿಯ ಬಗ್ಗೆ: ಜೆ201 ಎಲ್ಲರೂ ಹೊಗಳುವ ಭಾಗ, ಪಿಂಚ್-ಆಫ್ −0.3ರಿಂದ −1.5 ವೋಲ್ಟ್. ಆದರೆ ಉದ್ದ ಕಾಲಿನದು ಸಿಗುವುದು ಈಗ ದುರ್ಲಭ. ಬೋರ್ಡಿನ ಮೇಲ್ಮೈಗೆ ಬೆಸೆಯುವ ಪುಟ್ಟ ರೂಪವೇ ಗತಿ. ಆನ್‌ಲೈನಿನಲ್ಲಿ ಅಗ್ಗಕ್ಕೆ ತರಿಸಿದ ಹತ್ತರ ಪೊಟ್ಟಣದಲ್ಲಿ ನನಗೆ ಬಂದ ಅಷ್ಟೂ ಸಾಮಾನ್ಯ ಎನ್‌ಪಿಎನ್ ಟ್ರಾನ್ಸಿಸ್ಟರ್‌ಗಳು, ಮೇಲೆ ಬೇರೆ ಹೆಸರು ಮುದ್ರಿಸಿದವು. ಮೇಲಿನ ಎರಡು ನಿಮಿಷದ ಪರೀಕ್ಷೆ ಇಂಥದ್ದನ್ನೂ ಹಿಡಿದುಕೊಡುತ್ತದೆ.

ಎಲ್‌ಇಡಿ ಮತ್ತು ಎಲ್‌ಡಿಆರ್: ಟ್ರಾನ್ಸಿಸ್ಟರ್ ಅಲ್ಲದಿದ್ದರೂ ಹೋಲಿಸಲೇಬೇಕು

ಬೆಳಕಿಗೆ ಮೌಲ್ಯ ಬದಲಿಸುವ ಎಲ್‌ಡಿಆರ್ ಮತ್ತು ಅದರ ಮುಖಕ್ಕೆ ಹಿಡಿದ ಒಂದು ಎಲ್‌ಇಡಿ, ಎರಡನ್ನೂ ಬಿಸಿಗೆ ಕುಗ್ಗಿ ಬಿಗಿಯಾಗುವ ಕಪ್ಪು ಹೀಟ್-ಶ್ರಿಂಕ್ ನಳಿಕೆಯೊಳಗೆ ಮುಚ್ಚಿದರೆ ಮುಗಿಯಿತು. ವ್ಯಾಕ್ಟ್ರೋಲ್ ಎಂಬ ಹೆಸರಿನಲ್ಲಿ ಮಾರುತ್ತಿದ್ದುದೂ ಇದನ್ನೇ. 1960ರ ದಶಕದ ಯೂನಿ-ವೈಬ್ ಎಂಬ ಗಿಟಾರ್ ಪೆಟ್ಟಿಗೆಯಲ್ಲಿ ನಡುವೆ ಮಿನುಗುವ ಒಂದು ಬಲ್ಬ್, ಸುತ್ತ ನಾಲ್ಕು ಎಲ್‌ಡಿಆರ್ ಇದ್ದವು.

ಇದರ ಗುಣ ಏನೆಂದರೆ ಇದು ನಿಜವಾದ ರೆಸಿಸ್ಟರ್. ಮಿಲಿವೋಲ್ಟಿನ ಭಯವಿಲ್ಲ, ಒಂದೆರಡು ವೋಲ್ಟ್ ಸಿಗ್ನಲ್ ಬಿದ್ದರೂ ಸ್ವರ ಒಡೆಯುವುದಿಲ್ಲ. ಎರಡೂ ಕಾಲು ತೇಲಬಹುದು, ಎಲ್ಲಿ ಬೇಕಾದರೂ ಕಟ್ಟಬಹುದು. ಕಂಟ್ರೋಲ್ ಕಡೆಗೂ ಸಿಗ್ನಲ್ ಕಡೆಗೂ ತಂತಿಯ ನಂಟೇ ಇಲ್ಲದ ಕಾರಣ ಡಬ್ ಎಂಬ ಗುದ್ದೂ ಇಲ್ಲ. ದಿಕ್ಕೂ ಅನುಕೂಲದ್ದು: ಗದ್ದಲ ಹೆಚ್ಚಾದರೆ ಎಲ್‌ಇಡಿ ಹೆಚ್ಚು ಉರಿಯುತ್ತದೆ, ರೆಸಿಸ್ಟೆನ್ಸ್ ಇಳಿಯುತ್ತದೆ. ಎನ್-ಚಾನೆಲ್ ಜೆಫೆಟ್ಟಿನಲ್ಲಾದರೆ ನಿಶ್ಶಬ್ದದಲ್ಲಿ ಗೇಟನ್ನು ಪಿಂಚ್-ಆಫ್‌ನಲ್ಲಿ ಹಿಡಿದಿಟ್ಟು, ಗದ್ದಲಕ್ಕೆ ಸೊನ್ನೆಯತ್ತ ಎತ್ತಬೇಕು. ಅದಕ್ಕೊಂದು ಟ್ರಿಮ್ಮರ್ (ಒಮ್ಮೆ ಹೊಂದಿಸಿಡುವ ಪುಟ್ಟ ಪಾಟ್), ಪ್ರತಿ ತುಣುಕಿಗೂ ಬೇರೆ ಹೊಂದಾಣಿಕೆ.

ದೋಷ ನಿಧಾನ. ಬೆಳಕು ಬಂದಾಗ ಕೆಲವು ಮಿಲಿಸೆಕೆಂಡಿನಲ್ಲಿ ಮೌಲ್ಯ ಇಳಿಯುತ್ತದೆ, ಬೆಳಕು ಹೋದ ಮೇಲೆ ಏರಲು ನೂರಾರು ಮಿಲಿಸೆಕೆಂಡ್ ಬೇಕು. ಹಿಂದೆ ಕತ್ತಲಲ್ಲಿತ್ತೋ ಬೆಳಕಿನಲ್ಲಿತ್ತೋ ಎಂಬುದನ್ನೂ ಅದು ಸ್ವಲ್ಪ ಹೊತ್ತು ನೆನಪಿಟ್ಟುಕೊಂಡಿರುತ್ತದೆ. ಎರಡು ತುಣುಕು ಒಂದೇ ತರಹ ಇರುವುದು ಅಪರೂಪ. ಕ್ಯಾಡ್ಮಿಯಂ ಇರುವ ಕಾರಣ ಹಾಳಾದದ್ದನ್ನು ಒಲೆಗೆ ಎಸೆಯಬೇಡಿ.

ಈ ಜೋಡಿ ನನ್ನನ್ನು ಆಟವಾಡಿಸಿದ ಕಥೆ ಹೇಳಿಬಿಡುತ್ತೇನೆ. ಮೊದಲು ಹೀಟ್-ಶ್ರಿಂಕ್ ಇರಲಿಲ್ಲ, ಕರೆಂಟಿನವರು ಸುತ್ತುವ ಕಪ್ಪು ಟೇಪ್ ಎರಡು ಸುತ್ತು ಹಾಕಿದ್ದೆ. ಬ್ಯಾಟರಿಯಲ್ಲಿ ನಡೆಯುವ ಸರ್ಕ್ಯೂಟ್. ಆದರೂ ಸ್ವರದ ಅಡಿಯಲ್ಲಿ ಸಣ್ಣಗೆ ಗುಂಯ್ ಎಂಬ ನಡುಕ. ತಂತಿ ಬದಲಿಸಿದೆ, ಕವಚದ ತಂತಿ ಎಳೆದೆ, ಗ್ರೌಂಡ್ ಮತ್ತೆ ಬೆಸೆದೆ. ಒಂದು ಸಂಜೆ ಗಾಳಿಮಳೆಗೆ ಎಂದಿನಂತೆ ಕರೆಂಟ್ ಹೋಯಿತು, ಗುಂಯ್ ಸದ್ದೂ ಹೋಯಿತು. ಹಾಗಾದರೆ ಮನೆಯ ವೈರಿಂಗಿನಿಂದಲೇ ನುಸುಳುತ್ತಿದೆ ಎಂದು ಗೋಡೆಯ ಪ್ಲಗ್ಗುಗಳ ಮೇಲೆ ಕಣ್ಣು ಹಾಕಿದೆ. ಕರೆಂಟ್ ಮರಳಿದ ಮೇಲೆ ಬೋರ್ಡನ್ನು ಎತ್ತಿಕೊಳ್ಳಲು ಅಂಗೈ ಚಾಚಿದಾಗ ಸದ್ದು ಮತ್ತೆ ನಿಂತಿತು. ಅಂಗೈ ತೆಗೆದರೆ ಗುಂಯ್, ಇಟ್ಟರೆ ಮೌನ. ಮೇಜಿನ ಮೇಲಿನ ದೀಪ ಸೆಕೆಂಡಿಗೆ ನೂರು ಸಲ ಮಿಣುಕುತ್ತದೆ. ಟೇಪಿನ ಸಂದಿಯಿಂದ ಆ ಬೆಳಕು ಎಲ್‌ಡಿಆರ್ ಮೇಲೆ ಬಿದ್ದು ಸ್ವರವನ್ನು ಅಲ್ಲಾಡಿಸುತ್ತಿತ್ತು. ಎರಡು ಪದರ ಹೀಟ್-ಶ್ರಿಂಕ್, ಎರಡೂ ತುದಿಗೆ ಕಪ್ಪು ಅಂಟು. ಇಷ್ಟೇ ಆಗಿತ್ತು ಮಾಡಬೇಕಿದ್ದದ್ದು.

ಮಾಸ್‌ಫೆಟ್: ಆಸೆ ಹುಟ್ಟಿಸುತ್ತದೆ, ಜಾಗರೂಕರಾಗಿರಿ

ಮಾಸ್‌ಫೆಟ್ ಕೂಡ ಗೇಟ್, ಸೋರ್ಸ್, ಡ್ರೈನ್ ಇರುವ ಟ್ರಾನ್ಸಿಸ್ಟರೇ. ಅದರಲ್ಲಿ 2ಎನ್7000 ಎಲ್ಲ ಕಡೆ ಸಿಗುತ್ತದೆ, ಅಗ್ಗ, ಧನ ವೋಲ್ಟೇಜಿನಲ್ಲೇ ನಡೆಯುತ್ತದೆ. ಜೆಫೆಟ್ ಸಿಗದಿದ್ದಾಗ ಎಲ್ಲರ ಕೈ ಇದರತ್ತ ಹೋಗುತ್ತದೆ. ಎರಡು ಸಂಗತಿ ತಿಳಿದಿರಲಿ. ಇದರ ಹೊಟ್ಟೆಯಲ್ಲಿ ಸೋರ್ಸಿನಿಂದ ಡ್ರೈನಿಗೆ ಒಂದು ಡಯೋಡ್ ಇದೆ; ಸಿಗ್ನಲ್ ಋಣದತ್ತ ಅರ್ಧ ವೋಲ್ಟ್ ಇಳಿದರೆ ಗೇಟ್ ಏನೇ ಹೇಳಲಿ ಅದು ತೆರೆದುಕೊಳ್ಳುತ್ತದೆ. ಮತ್ತೆ, ಅದು ತೆರೆಯಲು ಶುರುಮಾಡುವ ವೋಲ್ಟೇಜ್ 0.8ರಿಂದ 3ರ ನಡುವೆ ಎಲ್ಲಾದರೂ ಇರಬಹುದು. ಶುರುವಾದ ಮೇಲೆ ಕೆಲವೇ ನೂರು ಮಿಲಿವೋಲ್ಟಿನಲ್ಲಿ ಮೆಗಾಓಮಿನಿಂದ ಕಿಲೋಓಮಿಗೆ ಧುಮುಕುತ್ತದೆ. ಇದನ್ನು ಸ್ವಿಚ್ ಆಗಲೆಂದೇ ಮಾಡಿದ್ದಾರೆ. ರೆಸಿಸ್ಟರಾಗಿ ಹಿಡಿಯುವುದು ಕಾಡಾನೆಯನ್ನು ಕಾಫಿ ಗಿಡದ ಸಾಲಿನ ನಡುವೆ ಹುಷಾರಾಗಿ ನಡೆಸಿದ ಹಾಗೆ.

ಮಾಸ್‌ಫೆಟ್ಟೇ ಬೇಕೆಂದರೆ ಸಿಡಿ4007 ಎಂಬ 14 ಕಾಲಿನ ಚಿಪ್ ತೆಗೆದುಕೊಳ್ಳಿ. ಒಳಗೆ ಮೂರು ಎನ್, ಮೂರು ಪಿ, ಒಟ್ಟು ಆರು ಸಣ್ಣ ಮಾಸ್‌ಫೆಟ್. 3ನೇ ಕಾಲು ಗೇಟ್, 4 ಸೋರ್ಸ್, 5 ಡ್ರೈನ್ ಆಗಿ ಒಂದು ಎನ್-ಚಾನೆಲ್ ಸಿಗುತ್ತದೆ. ಎನ್ ಭಾಗಗಳ ತಳಪಾಯ 7ನೇ ಕಾಲಿಗೆ ಬೇರೆಯಾಗಿ ಬಂದಿರುವುದೇ ಇಲ್ಲಿಯ ಲಾಭ. ಆ ಕಾಲನ್ನು ಋಣ ವೋಲ್ಟೇಜಿಗೆ ಕಟ್ಟಿದರೆ ಒಳಗಿನ ಡಯೋಡ್ ದೂರ ಸರಿಯುತ್ತದೆ, ಸಿಗ್ನಲ್ ಎರಡೂ ಕಡೆಗೆ ಓಡಾಡಬಹುದು. ಒಂದೇ ಸಿಲಿಕಾನ್ ತುಂಡಿನ ಮೇಲಿರುವುದರಿಂದ ಅವು ಅಣ್ಣತಮ್ಮಂದಿರಂತೆ ಹೋಲುತ್ತವೆ. ಅರ್ಧ ಸಿಗ್ನಲನ್ನು ಗೇಟಿಗೆ ಕೊಡುವ ಉಪಾಯ ಇಲ್ಲಿಯೂ ನಡೆಯುತ್ತದೆ. ಫೇಸರ್ ಕಟ್ಟುವವರಿಗೆ ಒಂದೇ ತರಹದ ಹಲವು ರೆಸಿಸ್ಟರ್ ಬೇಕು. ಜೆಫೆಟ್ಟುಗಳನ್ನು ಅಳೆದು ಜೋಡಿ ಹೊಂದಿಸುವ ಸಂಜೆಗಳು ಇದರಿಂದ ಉಳಿಯುತ್ತವೆ.

ಐಆರ್‌ಎಫ್540ರಂಥ ದೊಡ್ಡ ಮಾಸ್‌ಫೆಟ್ ಸಣ್ಣ ಸಿಗ್ನಲಿಗೆ ಬೇಡವೇ ಬೇಡ. ಇನ್ನೊಂದು ಕಡೆ ಅದನ್ನು ತಪ್ಪಾಗಿ ಬಳಸುವುದನ್ನೂ ಕಂಡಿದ್ದೇನೆ. ಕರಿಮೆಣಸು ಒಣಗಿಸುವ ಪೆಟ್ಟಿಗೆಯ 12 ವೋಲ್ಟ್ ಫ್ಯಾನಿಗೆ ವೇಗ ಇಳಿಸಲು ಪರಿಚಯದ ಹುಡುಗನೊಬ್ಬ ಇದನ್ನು ರೆಸಿಸ್ಟರಿನಂತೆ ಕಟ್ಟಿ, "ಅಣ್ಣಾ, ಮುಟ್ಟಿದರೆ ಸುಡುತ್ತಿದೆ" ಎಂದು ಫೋನ್ ಮಾಡಿದ. 6 ವೋಲ್ಟ್ ಅದರ ಮೇಲೆ, ಕರೆಂಟ್ 1 ಆಂಪ್: 6 ವ್ಯಾಟ್. ಹೀಟ್‌ಸಿಂಕ್ ಇಲ್ಲದ ಆ ಗಾತ್ರದ ಕವಚ ಪ್ರತಿ ವ್ಯಾಟಿಗೆ ಸುಮಾರು 60 ಡಿಗ್ರಿ ಕಾಯುತ್ತದೆ. ಫೋನ್ ಮಾಡುವಷ್ಟು ಹೊತ್ತು ಅದು ಬದುಕಿದ್ದೇ ಹೆಚ್ಚು. ಫ್ಯಾನ್, ದೀಪ, ಹೀಟರುಗಳಿಗೆ ರೆಸಿಸ್ಟರ್ ಬೇಕಾಗಿಲ್ಲ. ಸ್ವಿಚ್ಚನ್ನು ವೇಗವಾಗಿ ಹಾಕಿ ತೆಗೆಯುವ ಪಿಡಬ್ಲ್ಯೂಎಂ ಬೇಕು.

ಸಾಮಾನ್ಯ ಬಿಸಿ547 ಟ್ರಾನ್ಸಿಸ್ಟರ್ ಆಗುವುದಿಲ್ಲವೇ?

ಆಗುತ್ತದೆ, ಬಡತನದಲ್ಲಿ. ಹಳೆಯ ಕ್ಯಾಸೆಟ್ ರೆಕಾರ್ಡರುಗಳಲ್ಲಿ ಮುದ್ರಣದ ಮಟ್ಟವನ್ನು ತಾನೇ ಹೊಂದಿಸುತ್ತಿದ್ದದ್ದು ಅನೇಕ ಕಡೆ ಇಂಥದೇ, ಬೇಸ್, ಕಲೆಕ್ಟರ್, ಎಮಿಟರ್ ಎಂಬ ಮೂರು ಕಾಲಿನ ಒಂದು ಟ್ರಾನ್ಸಿಸ್ಟರ್. ಕಲೆಕ್ಟರಿಗೆ ಡಿಸಿ ಕೊಡದೆ ಸಿಗ್ನಲ್ ದಾರಿಯಿಂದ ಗ್ರೌಂಡಿಗೆ ಕಟ್ಟಿ ಬೇಸ್‌ಗೆ ಕರೆಂಟ್ ಉಣಿಸಿದರೆ, ಕೆಲವು ಮೈಕ್ರೋಆಂಪಿಗೆ ಸುಮಾರು ಕಿಲೋಓಮ್, ನೂರು ಮೈಕ್ರೋಆಂಪಿನ ಹೊತ್ತಿಗೆ ಹತ್ತಾರು ಓಮ್. ಆದರೆ ಸಿಗ್ನಲ್ ಹತ್ತಿಪ್ಪತ್ತು ಮಿಲಿವೋಲ್ಟ್ ಮೀರಬಾರದು. ಬೇಸ್‌ಗೆ ಕರೆಂಟ್ ಹರಿದಾಗ ಕಲೆಕ್ಟರಿನಲ್ಲಿ ಕೆಲವು ಮಿಲಿವೋಲ್ಟ್ ತಾನಾಗಿ ಎದ್ದು ನಿಲ್ಲುತ್ತದೆ. ಮುಂದಿನ ಆಂಪ್ಲಿಫೈಯರಿನಲ್ಲಿ ಅದು ಗುದ್ದಾಗಿ ಕೇಳುತ್ತದೆ. ಕಲೆಕ್ಟರ್ ಮತ್ತು ಎಮಿಟರನ್ನು ಅದಲುಬದಲು ಮಾಡಿ ಕಟ್ಟಿದರೆ ಇದು ಬಹಳ ಕಡಿಮೆಯಾಗುತ್ತದೆ. ಆಡಿಯೋ ಮ್ಯೂಟ್ ಮಾಡಲೆಂದೇ ತಯಾರಿಸಿದ 2ಎಸ್‌ಸಿ2878 ತಲೆಕೆಳಗಾಗಿ ಕಟ್ಟಿದರೂ ಒಳ್ಳೆಯ ಗೇನ್ (ಹಿಗ್ಗಿಸುವ ಪ್ರಮಾಣ) ಕೊಡುತ್ತದೆ. ಮೈಕ್ ಹತ್ತಿರದ ಸಣ್ಣ ಸಿಗ್ನಲಿಗೆ, ಮಾತಿನ ಮುದ್ರಣಕ್ಕೆ ಸಾಕು. ಸಂಗೀತಕ್ಕೆ ನಾನು ಹಾಕುವುದಿಲ್ಲ.

ಎಲ್‌ಎಂ13700: ಚಿಪ್ ದೊಡ್ಡದು, ಲೆಕ್ಕ ಚೊಕ್ಕ

16 ಕಾಲಿನ ಈ ಚಿಪ್ಪಿನಲ್ಲಿ ಕರೆಂಟಿಗೆ ಬಗ್ಗುವ ಎರಡು ಆಂಪ್ಲಿಫೈಯರ್‌ಗಳಿವೆ. ಸುತ್ತ ಎರಡು ಬಗೆಯ ರೆಸಿಸ್ಟರ್ ಹಾಕಿದರೆ ಇಡೀ ಜೋಡಣೆ ಒಂದು ರೆಸಿಸ್ಟರಿನಂತೆ ನಡೆಯುತ್ತದೆ, ಮೌಲ್ಯವನ್ನು ಮೊದಲೇ ಲೆಕ್ಕ ಹಾಕಬಹುದು. 100 ಕಿಲೋಓಮ್ ಮತ್ತು 1 ಕಿಲೋಓಮ್ ಬಳಸಿದರೆ 1 ಮಿಲಿಆಂಪ್ ಕಂಟ್ರೋಲ್ ಕರೆಂಟಿಗೆ ಸುಮಾರು 5.3 ಕಿಲೋಓಮ್, 10 ಮೈಕ್ರೋಆಂಪಿಗೆ ಸುಮಾರು 530 ಕಿಲೋಓಮ್. ನೂರರಷ್ಟು ವ್ಯಾಪ್ತಿ, ಸರಳ ಅನುಪಾತದಲ್ಲಿ. ಜೆಫೆಟ್ ಇದನ್ನು ಕನಸಿನಲ್ಲೂ ಕೊಡಲಾರದು. ಒಳಗಿನ ಇನ್‌ಪುಟ್ ತಾಳುವುದು ಹತ್ತಾರು ಮಿಲಿವೋಲ್ಟ್ ಮಾತ್ರ. ಆ ಎರಡು ರೆಸಿಸ್ಟರುಗಳೇ ಸಿಗ್ನಲನ್ನು ನೂರರಲ್ಲಿ ಒಂದು ಪಾಲಿಗೆ ಇಳಿಸುವುದರಿಂದ ಹೊರಗಿನಿಂದ ಒಂದೆರಡು ವೋಲ್ಟ್ ಕೊಡಬಹುದು. ಇಳಿಸಿ ಏರಿಸಿದ ತಪ್ಪಿಗೆ ಹಿನ್ನೆಲೆಯಲ್ಲಿ ಸ್ವಲ್ಪ ಸುಯ್ ಎಂಬ ಸದ್ದು ಸೇರಿಕೊಳ್ಳುತ್ತದೆ. ಡಿಗ್ರಿಗೆ ಶೇಕಡಾ 0.3ರಷ್ಟು ಮೌಲ್ಯವೂ ಜಾರುತ್ತದೆ. ನಮ್ಮ ಡಿಸೆಂಬರಿನ ಮಂಜಿನ ಬೆಳಗಿಗೂ ಮಧ್ಯಾಹ್ನದ ಬಿಸಿಲಿಗೂ ಹದಿನೈದು ಡಿಗ್ರಿ ವ್ಯತ್ಯಾಸವಿದ್ದರೆ ಸುಮಾರು ಐದು ಶೇಕಡಾ. ಸ್ವರದ ಮಟ್ಟಕ್ಕೆ ಅದು ಗೊತ್ತಾಗುವುದಿಲ್ಲ. ಶ್ರುತಿ ಹಿಡಿಯಬೇಕಾದ ಆಸಿಲೇಟರಿಗೆ ಖಂಡಿತ ಗೊತ್ತಾಗುತ್ತದೆ. ಇದರ ಅಣ್ಣನಾದ ಸಿಎ3080ರ ಉತ್ಪಾದನೆ ನಿಂತಿದೆ. ಹಳೆಯ ಚಿತ್ರಗಳಲ್ಲಿ ಅದು ಕಂಡರೆ ಕಾಲುಗಳ ಕ್ರಮ ನೋಡಿಕೊಂಡು 13700ರ ಅರ್ಧವನ್ನು ಬಳಸಿ.

ಡಿಜಿಟಲ್ ಪಾಟ್‌ಗಳ ಬಗ್ಗೆ ಎರಡೇ ಮಾತು. ಎಕ್ಸ್9ಸಿ103ರಲ್ಲಿ 10 ಕಿಲೋಓಮ್ 100 ಮೆಟ್ಟಿಲುಗಳಾಗಿ ಒಡೆದಿದೆ, ಎಂಸಿಪಿ41010ರಲ್ಲಿ 256. ಆರ್ಡುಇನೋ ಎಂಬ ಪುಟ್ಟ ಪ್ರೋಗ್ರಾಮ್ ಬೋರ್ಡ್ ಇದ್ದರೆ ಕಟ್ಟುವುದು ಸುಲಭ, ಹೊಂದಿಸಿಟ್ಟ ಮೌಲ್ಯ ಅಲ್ಲಾಡುವುದಿಲ್ಲ. ಆದರೆ ಸಂಗೀತ ನಡೆಯುತ್ತಿರುವಾಗ ಮೌಲ್ಯ ಬದಲಿಸಿದರೆ ಮೆಟ್ಟಿಲುಗಳು ಜಿಪ್ ಎಳೆದ ಹಾಗೆ ಕೇಳುತ್ತವೆ. ಒಮ್ಮೆ ಹೊಂದಿಸಿ ಬಿಡುವ ಕೆಲಸಕ್ಕೆ ಒಳ್ಳೆಯದು, ಎಡೆಬಿಡದೆ ಏರಿಳಿಯುವ ಕೆಲಸಕ್ಕಲ್ಲ.

ಹಾಗಾದರೆ ಯಾವುದಕ್ಕೆ ಯಾವುದು

ಗಿಟಾರ್ ಟ್ರೆಮೋಲೋ ಮೊದಲ ಸಲ ಕಟ್ಟುವವರು ಜೆಫೆಟ್ ಹಾಕಿ, ಅರ್ಧ ಸಿಗ್ನಲಿನ ಎರಡು ರೆಸಿಸ್ಟರ್ ಮರೆಯಬೇಡಿ. ಮೆತ್ತನೆಯ, ಅಲೆಯಂಥ ಟ್ರೆಮೋಲೋ ಇಷ್ಟವಿದ್ದರೆ ಎಲ್‌ಡಿಆರ್. ಅದರ ನಿಧಾನವೇ ಅಲ್ಲಿ ಸೊಗಸು. ಫೇಸರಿಗೆ ಅಳೆದು ಹೊಂದಿಸಿದ ಜೆಫೆಟ್ಟುಗಳು, ತಾಳ್ಮೆ ಇಲ್ಲದವರಿಗೆ ಸಿಡಿ4007. 1974ರ ಸುಮಾರಿಗೆ ಬಂದ ಎಂಎಕ್ಸ್ಆರ್ ಫೇಸ್ 90ರ ಕಿತ್ತಳೆ ಪೆಟ್ಟಿಗೆಯೊಳಗೆ ಹೊಂದಿಸಿದ ಜೆಫೆಟ್ಟುಗಳೇ ಇವೆ. ನಮ್ಮ ಕಿತ್ತಳೆಗೂ ಅದರ ಬಣ್ಣಕ್ಕೂ ಸಂಬಂಧವಿಲ್ಲ, ಆದರೂ ಆ ಪೆಟ್ಟಿಗೆ ನನಗೆ ಇಷ್ಟ. ಸಿಂಥಸೈಜರಿನ ಫಿಲ್ಟರಿಗೆ ಎಲ್‌ಎಂ13700 ಬಿಟ್ಟು ಬೇರೆ ಕಡೆ ನೋಡುವುದು ವ್ಯರ್ಥ.

ಸೈನ್ ತರಂಗದ ವೀನ್ ಬ್ರಿಜ್ ಆಸಿಲೇಟರಿನ ವಿಷಯ ಸ್ವಲ್ಪ ಬೇರೆ. ಅಲ್ಲಿ ಮಟ್ಟ ತಾನೇ ಸ್ಥಿರವಾಗಬೇಕು ಮತ್ತು ವಿಕೃತಿ ಅತಿ ಕಡಿಮೆ ಇರಬೇಕು. ಬಿಲ್ ಹ್ಯೂಲೆಟ್ 1939ರಲ್ಲಿ ಇದನ್ನು ಒಂದು ಪುಟ್ಟ ಬಲ್ಬಿನಿಂದ ಬಗೆಹರಿಸಿದರು: ಸಿಗ್ನಲ್ ಹೆಚ್ಚಾದರೆ ತಂತು ಕಾಯುತ್ತದೆ, ರೆಸಿಸ್ಟೆನ್ಸ್ ಏರುತ್ತದೆ, ಗೇನ್ ಇಳಿಯುತ್ತದೆ. ಎಚ್‌ಪಿ ಕಂಪನಿಯ ಮೊದಲ ಉತ್ಪನ್ನವಾದ 200ಎ ನಿಂತದ್ದು ಆ ಬಲ್ಬಿನ ಮೇಲೆ. ಜೆಫೆಟ್ ಹಾಕುವುದಾದರೆ ಅದರ ಮೇಲೆ 50 ಮಿಲಿವೋಲ್ಟಿಗಿಂತ ಹೆಚ್ಚು ಬೀಳದಂತೆ ಸಾಲಿನಲ್ಲಿ ಇನ್ನೊಂದು ರೆಸಿಸ್ಟರ್ ಇಟ್ಟು ಅದಕ್ಕೆ ಸಣ್ಣ ಪಾಲನ್ನಷ್ಟೇ ವಹಿಸಿ. ಎಲ್‌ಇಡಿ–ಎಲ್‌ಡಿಆರ್ ಜೋಡಿಯೂ ಇಲ್ಲಿ ಚೆನ್ನಾಗಿ ನಡೆಯುತ್ತದೆ.

ಇನ್ನು ದುಡಿ. ಜೆಫೆಟ್ಟಿನಲ್ಲಿ ಕಟ್ಟಿದ ಪೆಟ್ಟಿಗೆ ಪ್ರತಿ ಪೆಟ್ಟನ್ನೂ ಚುರುಕಾಗಿ ಹಿಡಿಯಿತು. ಆದರೆ ಪೆಟ್ಟಿನ ಬೆನ್ನಿಗೆ ಸ್ವರವೂ ಮುಳುಗಿ ಏಳುತ್ತಿತ್ತು, ಹಾಡುವವರು ಉಸಿರುಗಟ್ಟಿದವರಂತೆ ಕೇಳುತ್ತಿದ್ದರು. ಪೆಟ್ಟಿನ ನಂತರ ಮಟ್ಟ ಎಷ್ಟು ಬೇಗ ಮರಳಬೇಕೆಂದು ತೀರ್ಮಾನಿಸುವ ಕೆಪಾಸಿಟರನ್ನು ದೊಡ್ಡದು ಮಾಡುತ್ತಾ ಹೋದೆ. ಕೊನೆಗೆ ಬಂದು ನಿಂತದ್ದು ಎಲ್‌ಡಿಆರಿನ ಸಹಜ ನಿಧಾನದ ಹತ್ತಿರವೇ. ಹಾಗಾದರೆ ಎಲ್‌ಡಿಆರನ್ನೇ ಹಾಕಬಾರದೇಕೆ ಎಂದು ಬದಲಿಸಿದೆ. ಮೌನದ ನಂತರದ ಮೊದಲ ಪೆಟ್ಟು ಮಾತ್ರ ಅದರ ಕೈ ತಪ್ಪಿಸಿಕೊಂಡು ಹೋಗುತ್ತದೆ. ಅದಕ್ಕೆ ಆಂಪ್ಲಿಫೈಯರಿನ ಮುಂದೆ ಎದುರುಬದುರಾಗಿ ಎರಡು 1ಎನ್4148 ಡಯೋಡ್ ಇಟ್ಟಿದ್ದೇನೆ, 0.6 ವೋಲ್ಟ್ ಮೀರಿದ ತುದಿಯನ್ನು ಅವು ಕತ್ತರಿಸುತ್ತವೆ, ಒಂದು ಪೆಟ್ಟಿನ ತುದಿ ಹೋದದ್ದು ಯಾರ ಕಿವಿಗೂ ಬೀಳುವುದಿಲ್ಲ. ಸಾಲಿನ ರೆಸಿಸ್ಟರ್ 10 ಕಿಲೋಓಮ್, ಎಲ್‌ಇಡಿ ಕೆಂಪು, ಅದರ ಕರೆಂಟ್ 10 ಮಿಲಿಆಂಪ್ ಮೀರದಂತೆ ಒಂದು 680 ಓಮ್. ಮೋಡ ಕಟ್ಟುವ ಮೊದಲೇ ಬೋರ್ಡ್ ತೊಳೆದು, ವಾರ್ನಿಷ್ ಬಳಿದು, ಪೆಟ್ಟಿಗೆಯ ಮುಚ್ಚಳ ಹಾಕಿಟ್ಟಿದ್ದೇನೆ. ಮುಂಭಾಗದಲ್ಲಿ ನಾಬ್ ಇಲ್ಲ.